ವಿದ್ಯುತ್ ಕಾರು: ಹೊಗೆ ಮಾಯವಾಯಿತೇ, ಊರು ಬದಲಿಸಿತೇ?

ಭಾನುವಾರದ ಪೂಜೆ ಮುಗಿಸಿ ಇಗರ್ಜಿಯ ಅಂಗಳಕ್ಕೆ ಬಂದರೆ ಈಗೀಗ ಹಸಿರು ನಂಬರ್ ಪ್ಲೇಟಿನ ಕಾರು ಒಂದೆರಡಾದರೂ ಕಣ್ಣಿಗೆ ಬೀಳುತ್ತದೆ. ಸ್ಕೂಟರುಗಳಂತೂ ಸಾಲು ಸಾಲು. ಸದ್ದಿಲ್ಲ, ಹೊಗೆಯಿಲ್ಲ, ಪೆಟ್ರೋಲ್ ದರದ ಚಿಂತೆಯೂ ಇಲ್ಲ. ಕೊಂಡವರ ಮುಖದಲ್ಲಿ ಪರಿಸರಕ್ಕೆ ಉಪಕಾರ ಮಾಡಿದ ಸಮಾಧಾನ. ಕೊಳ್ಳದವರು ಸುಮ್ಮನಿರುವರೇ? "ಕರೆಂಟು ಬರುವುದು ಕಲ್ಲಿದ್ದಲಿನಿಂದಲೇ ಅಲ್ಲವೇ?" ಎಂದು ಚುಚ್ಚುತ್ತಾರೆ. ನಡುವೆ ಮತ್ತೊಬ್ಬರು, "ಸ್ವಲ್ಪ ತಾಳಿ ಮಾರಾಯ್ರೆ, ಹೈಡ್ರೋಜನ್ ಕಾರು ಬರಲಿ, ಅದರ ಸೈಲೆನ್ಸರಿನಿಂದ ಬರುವುದು ಬರೀ ನೀರು" ಎನ್ನುತ್ತಾರೆ. ಚರ್ಚೆ ಅಲ್ಲಿಗೆ ನಿಂತು ಎಲ್ಲರೂ ಮೀನು ಮಾರ್ಕೆಟಿನ ಕಡೆ ಹೊರಡುತ್ತಾರೆ.

ನಮ್ಮ ಪಾಲನಾ ಮಂಡಳಿಗಳು, ಶಾಲಾ ಆಡಳಿತಗಳು ಹೊಸ ವಾಹನ ಕೊಳ್ಳುವಾಗಲೂ ಈಗ ಇದೇ ಪ್ರಶ್ನೆ ಏಳುತ್ತಿದೆ. ಆದ್ದರಿಂದ ಮಾತನ್ನು ಅಂಗಳದಲ್ಲೇ ಬಿಡದೆ ಸ್ವಲ್ಪ ಲೆಕ್ಕ ಹಾಕಿ ನೋಡುವುದು ಒಳ್ಳೆಯದೆಂದು ನಮಗನಿಸುತ್ತದೆ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಾದರೆ ಕಿಲೋಮೀಟರಿಗೆ 150 ಗ್ರಾಂ ಎಂದಾಯಿತು. ಕಚ್ಚಾ ತೈಲವನ್ನು ನೆಲದಿಂದ ತೆಗೆದು, ಹಡಗಿನಲ್ಲಿ ತಂದು, ಶುದ್ಧೀಕರಿಸಿ ಬಂಕಿಗೆ ಮುಟ್ಟಿಸುವ ಖರ್ಚನ್ನೂ ಸೇರಿಸಿದರೆ ಅದು 190ರ ಹತ್ತಿರ ಹೋಗುತ್ತದೆ. ಅದೇ ಗಾತ್ರದ ವಿದ್ಯುತ್ ಕಾರು 100 ಕಿಲೋಮೀಟರ್ ಓಡಲು ಚಾರ್ಜಿಂಗ್ ನಷ್ಟವೂ ಸೇರಿ ಸುಮಾರು 17 ಯುನಿಟ್ ಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಪ್ರಕಾರ 2023-24ರಲ್ಲಿ ದೇಶದಲ್ಲಿ ಒಂದು ಯುನಿಟ್ ಉತ್ಪಾದನೆಗೆ ಸರಾಸರಿ 0.73 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬಿದ್ದಿದೆ. ತಂತಿಗಳಲ್ಲಿ ಸೋರಿಹೋಗುವುದನ್ನೂ ಸೇರಿಸಿ ಲೆಕ್ಕ ಹಾಕಿದರೆ ಕಿಲೋಮೀಟರಿಗೆ ಸುಮಾರು 140 ಗ್ರಾಂ.

ಅಂದರೆ ಕಲ್ಲಿದ್ದಲಿನ ಕರೆಂಟು ಎಂದು ಮೂಗು ಮುರಿಯುವವರ ವಾದ ನಿಲ್ಲುವುದಿಲ್ಲ. ಪೆಟ್ರೋಲ್ ಎಂಜಿನ್ ತನಗೆ ಸಿಕ್ಕ ಶಕ್ತಿಯ ಮುಕ್ಕಾಲು ಪಾಲನ್ನು ಬಿಸಿಯಾಗಿ ಕಳೆದುಕೊಳ್ಳುತ್ತದೆ, ವಿದ್ಯುತ್ ಮೋಟಾರ್ ಹಾಗಲ್ಲ. ಆದರೆ ಉಳಿದದ್ದಾದರೂ ಎಷ್ಟು? ಕಿಲೋಮೀಟರಿಗೆ 50 ಗ್ರಾಂ. ಇದೇನು ದೊಡ್ಡ ಪವಾಡವಲ್ಲ.

ಮೇಲಾಗಿ ಈ ಕಾರು ಶೋರೂಮಿನಿಂದ ಹೊರಬರುವಾಗಲೇ ಹೆಗಲ ಮೇಲೆ ಸಾಲ ಹೊತ್ತುಕೊಂಡಿರುತ್ತದೆ. 40 ಯುನಿಟ್ ಸಾಮರ್ಥ್ಯದ ಬ್ಯಾಟರಿ ತಯಾರಾಗುವಾಗ ಸುಮಾರು 3 ಟನ್ ಇಂಗಾಲದ ಡೈಆಕ್ಸೈಡ್ ಗಾಳಿ ಸೇರಿರುತ್ತದೆ. ಕಿಲೋಮೀಟರಿಗೆ 50 ಗ್ರಾಂನಂತೆ ತೀರಿಸುತ್ತ ಹೋದರೆ ಆ ಸಾಲ ಮುಗಿಯುವುದು 60,000 ಕಿಲೋಮೀಟರ್ ಓಡಿದ ಮೇಲೆ. ತಿಂಗಳಿಗೆ 3,000 ಕಿಲೋಮೀಟರ್ ಓಡುವ ಟ್ಯಾಕ್ಸಿಗೆ ಇದು ಎರಡು ವರ್ಷವೂ ಹಿಡಿಯದ ಕೆಲಸ. ಪೂಜೆಗೆ, ಪೇಟೆಗೆ, ಮದುವೆಗೆ ಎಂದು ತಿಂಗಳಿಗೆ 500 ಕಿಲೋಮೀಟರ್ ಓಡುವ ಮನೆಯ ಕಾರಿಗೆ ಹತ್ತು ವರ್ಷ ಬೇಕು! ಸ್ಕೂಟರಿನದ್ದು ಬೇರೆಯೇ ಕಥೆ. ಅದರ ಬ್ಯಾಟರಿ 3 ಯುನಿಟ್ಟಿನದು, ಸಾಲ ಸುಮಾರು 8,000 ಕಿಲೋಮೀಟರಿನಲ್ಲಿ ತೀರುತ್ತದೆ. ಜಾಹೀರಾತಿನಲ್ಲಿ ಮಿಂಚುವ ದೊಡ್ಡ ಕಾರುಗಳಿಗಿಂತ ನಮ್ಮ ಶಿಕ್ಷಕಿಯರು, ನರ್ಸುಗಳು ದಿನಾ ಓಡಿಸುವ ಸ್ಕೂಟರುಗಳೇ ಪರಿಸರಕ್ಕೆ ಹೆಚ್ಚು ಸಹಾಯ ಮಾಡುತ್ತಿವೆ ಎಂಬುದು ನಮ್ಮ ಅಭಿಪ್ರಾಯ.

ಇದು ನಮ್ಮ ಕೈಲೆಕ್ಕ ಮಾತ್ರವಲ್ಲ. 2021ರಲ್ಲಿ ಐಸಿಸಿಟಿ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಗಣಿಯಿಂದ ಗುಜರಿಯವರೆಗಿನ ಪೂರ್ತಿ ಆಯುಷ್ಯವನ್ನು ಲೆಕ್ಕ ಹಾಕಿ, ಯುರೋಪಿನಲ್ಲಿ ವಿದ್ಯುತ್ ಕಾರಿನ ಮಾಲಿನ್ಯ ಪೆಟ್ರೋಲ್ ಕಾರಿಗಿಂತ ಶೇ. 66ರಿಂದ 69ರಷ್ಟು ಕಡಿಮೆ ಎಂದಿತು. ಭಾರತದಲ್ಲಿ ಅದು ಶೇ. 19ರಿಂದ 34 ಮಾತ್ರ. ವ್ಯತ್ಯಾಸ ಇರುವುದು ಕಾರಿನಲ್ಲಿ ಅಲ್ಲ, ಗೋಡೆಯ ಪ್ಲಗ್ಗಿನ ಹಿಂದೆ. ಜೂನ್ 2025ರಲ್ಲಿ ದೇಶದ ಸ್ಥಾಪಿತ ವಿದ್ಯುತ್ ಸಾಮರ್ಥ್ಯದ ಅರ್ಧ ಭಾಗ ಕಲ್ಲಿದ್ದಲು, ಅನಿಲಗಳ ಹೊರಗಿನದಾಯಿತು ಎಂಬ ಸುದ್ದಿ ಬಂತು, ಒಳ್ಳೆಯದೇ. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ರಾತ್ರಿ ಸೂರ್ಯನಿಲ್ಲ. ನಿಜವಾಗಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಸಿಂಹಪಾಲು ಈಗಲೂ ಕಲ್ಲಿದ್ದಲಿನದ್ದೇ.

ಆ ಕಲ್ಲಿದ್ದಲು ಎಲ್ಲೋ ಜಾರ್ಖಂಡಿನಲ್ಲಿ ಉರಿಯುತ್ತದೆ ಎಂದು ಕರಾವಳಿಯವರಾದ ನಾವು ಹೇಳುವಂತಿಲ್ಲ. ಪಡುಬಿದ್ರಿ ಬಳಿಯ ಎಲ್ಲೂರಿನಲ್ಲಿ 1,200 ಮೆಗಾವಾಟಿನ ಸ್ಥಾವರ ನಿಂತಿದೆ. ವಿದೇಶದ ಕಲ್ಲಿದ್ದಲು ನವಮಂಗಳೂರು ಬಂದರಿನಲ್ಲಿ ಇಳಿದು ರೈಲಿನಲ್ಲಿ ಅಲ್ಲಿಗೆ ಹೋಗುತ್ತದೆ. ಮಲ್ಲಿಗೆ ಗಿಡಗಳ ಮೇಲೆ ಹಾರುಬೂದಿ, ಬಾವಿ ನೀರಿನಲ್ಲಿ ಉಪ್ಪು ಎಂದು ಸುತ್ತಲಿನ ಕೃಷಿಕರು ವರ್ಷಗಳ ಕಾಲ ಅಲೆದಾಡಿದರು. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪರಿಸರ ಹಾನಿಗಾಗಿ ಸುಮಾರು 52 ಕೋಟಿ ರೂ. ದಂಡ ವಿಧಿಸಿತು. ನಿಮ್ಮ ಮನೆಯ ಪ್ಲಗ್ಗಿಗೆ ಬರುವ ಕರೆಂಟು ಎಲ್ಲೂರಿನದ್ದೇ ಎಂದು ಯಾರೂ ಗುರುತಿಸಲಾರರು. ಗ್ರಿಡ್ ಎಂದರೆ ಹಲವು ಹೊಳೆಗಳು ಸೇರಿದ ಅಳಿವೆಯಂತೆ, ಯಾವ ನೀರು ಯಾವ ಹೊಳೆಯದೆಂದು ಹೇಳಲಾಗದು. ಆದರೂ ಕಂಕನಾಡಿಯ ಸಿಗ್ನಲ್ಲಿನಲ್ಲಿ ನಿಂತ ಮಗುವಿನ ಶ್ವಾಸಕೋಶಕ್ಕೆ ಇಳಿಯದ ಹೊಗೆ ಇನ್ನೊಂದು ಊರಿನ ಮಗುವಿನ ಶ್ವಾಸಕೋಶದ ಬಾಗಿಲು ತಟ್ಟಬಹುದು ಎಂಬುದನ್ನು ಮರೆಯಬಾರದು. ಪೇಟೆಯ ಮಧ್ಯೆ ಹೊಗೆ ಕಡಿಮೆಯಾಗುವುದು ದೊಡ್ಡ ಲಾಭವೇ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಲಾಭ ಒಬ್ಬರಿಗೆ, ಬೂದಿ ಇನ್ನೊಬ್ಬರಿಗೆ ಎಂದಾಗಬಾರದು.

ಇಲ್ಲಿ ನಮ್ಮ ಕೈಯಲ್ಲೇ ಇರುವ ಸಂಗತಿಯೊಂದಿದೆ. ಅದು ಚಾರ್ಜ್ ಮಾಡುವ ಹೊತ್ತು. ಪಾವಗಡದ 2,050 ಮೆಗಾವಾಟಿನ ಸೌರ ಪಾರ್ಕ್ ಸೇರಿದಂತೆ ಕರ್ನಾಟಕದಲ್ಲಿ ಹಗಲು ಸೌರ ವಿದ್ಯುತ್ತಿಗೆ ಬರವಿಲ್ಲ. ನಾವು ಮಾಡುವುದೇನು? ಸಂಜೆ ಏಳಕ್ಕೆ ಮನೆಗೆ ಬಂದು, ಎಲ್ಲರ ಮನೆಯ ದೀಪ, ಟಿವಿ, ಎಸಿ ಒಟ್ಟಿಗೆ ಉರಿಯುವ ಹೊತ್ತಿಗೆ ಸರಿಯಾಗಿ ಕಾರನ್ನೂ ಪ್ಲಗ್ಗಿಗೆ ಸಿಕ್ಕಿಸುತ್ತೇವೆ. ಆ ಹೊತ್ತಿನ ಹೊರೆ ಹೊರುವುದು ಕಲ್ಲಿದ್ದಲು ಮತ್ತು ಜಲವಿದ್ಯುತ್. ಶರಾವತಿಯ ವಿದ್ಯುತ್ ಇದೆಯಲ್ಲ, ಅದು ಶುದ್ಧವಲ್ಲವೇ ಎನ್ನಬಹುದು. ಹೊಗೆ ಇಲ್ಲ, ನಿಜ. ಆದರೆ ಲಿಂಗನಮಕ್ಕಿಗಾಗಿ ಮನೆ ಬಿಟ್ಟವರ ಕುಟುಂಬಗಳು 60 ವರ್ಷ ಕಳೆದರೂ ಜಮೀನಿನ ಹಕ್ಕುಪತ್ರಕ್ಕಾಗಿ ಅಲೆಯುತ್ತಿವೆ.

ಮನೆಯ ಮಾಡಿನ ಮೇಲೆ 3 ಕಿಲೋವಾಟಿನ ಸೌರ ಫಲಕ ಹಾಕಿದರೆ ಬಿಸಿಲಿನ ದಿನ 12 ಯುನಿಟ್ ಸಿಗುತ್ತದೆ. ಕಾರಿಗೆ 70 ಕಿಲೋಮೀಟರ್ ಆಯಿತು. ನಮ್ಮ ಮಳೆಗಾಲದಲ್ಲಿ ಇದು ತೀರಾ ಇಳಿಯುತ್ತದೆ, ಒಪ್ಪಿಕೊಳ್ಳಬೇಕು. 2024ರ ಪಿಎಂ ಸೂರ್ಯಘರ್ ಯೋಜನೆಯಡಿ ಮನೆಗಳಿಗೆ 78,000 ರೂ. ತನಕ ಸಹಾಯಧನ ನಿಗದಿಯಾಗಿದೆ. ಇಂತಹ ಬಿಸಿಲಿನ ವಿದ್ಯುತ್ತಿನಲ್ಲೇ ಓಡಿದರೆ ಮೇಲೆ ಹೇಳಿದ ಬ್ಯಾಟರಿಯ ಸಾಲ 60,000ಕ್ಕೆ ಬದಲು 16,000 ಕಿಲೋಮೀಟರಿನ ಸುಮಾರಿಗೆ ತೀರಿಬಿಡುತ್ತದೆ.

ವ್ಯಾಟಿಕನ್ ನಡೆದ ದಾರಿಯೂ ಇದೇ ಎಂಬುದು ನಮಗೆ ಗಮನಾರ್ಹವೆನಿಸಿತು. ಅಲ್ಲಿ ಪೋಪ್ ಆರನೇ ಪೌಲ್ ಸಭಾಂಗಣದ ಮಾಡಿಗೆ 2,400 ಸೌರ ಫಲಕಗಳು ಬಂದದ್ದು 2008ರಲ್ಲಿ, ಹದಿನಾರನೇ ಬೆನೆಡಿಕ್ಟರ ಕಾಲದಲ್ಲಿ. ಫೋಕ್ಸ್‌ವ್ಯಾಗನ್ ಕಂಪೆನಿಯ ವಿದ್ಯುತ್ ಕಾರುಗಳಿಗೆ ಒಪ್ಪಂದವಾದದ್ದು 2023ರಲ್ಲಿ. ಪೋಪ್ ಫ್ರಾನ್ಸಿಸರಿಗೆ ಮರ್ಸಿಡಿಸ್ ವಿದ್ಯುತ್ ಪೋಪ್‌ಮೊಬೈಲ್ ಒಪ್ಪಿಸಿದ್ದು ಡಿಸೆಂಬರ್ 2024ರಲ್ಲಿ. ಅದೇ ವರ್ಷದ ಜೂನ್‌ನಲ್ಲಿ ಅವರು ರೋಮಿನ ಹೊರವಲಯದ ಸಾಂತಾ ಮರಿಯಾ ದಿ ಗಲೇರಿಯಾದಲ್ಲಿ, ಇಡೀ ವ್ಯಾಟಿಕನ್‌ಗೆ ಸಾಲುವಷ್ಟು ವಿದ್ಯುತ್ ಕೊಡುವ ಸೌರ ಸ್ಥಾವರಕ್ಕೆ ಆದೇಶ ಹೊರಡಿಸಿದ್ದರು. ಮೊದಲು ಮಾಡು, ಆಮೇಲೆ ಕಾರು!

ಫ್ರಾನ್ಸಿಸರ ಬಳಿ ಹೈಡ್ರೋಜನ್ ಕಾರೂ ಇತ್ತು. 2019ರ ಜಪಾನ್ ಭೇಟಿಗಾಗಿ ಸಿದ್ಧವಾದ ಟೊಯೋಟಾ ಮಿರಾಯ್ ಕಾರನ್ನು ಅಲ್ಲಿನ ಬಿಷಪರ ಮಂಡಳಿ 2020ರಲ್ಲಿ ಅವರಿಗೆ ಕೊಡುಗೆಯಾಗಿ ಕೊಟ್ಟಿತು. 2022ರ ಮಾರ್ಚ್‌ನಲ್ಲಿ ಸಚಿವ ನಿತಿನ್ ಗಡ್ಕರಿಯವರು ಇದೇ ಮಿರಾಯ್‌ನಲ್ಲಿ ಸಂಸತ್ತಿಗೆ ಬಂದಿಳಿದು ಸುದ್ದಿಯಾದರು. ನೀರಷ್ಟೇ ಹೊರಬರುವ ಕಾರು ಎಂಬುದು ಸುಳ್ಳಲ್ಲ. ಪ್ರಶ್ನೆ ಹೈಡ್ರೋಜನ್ ಎಲ್ಲಿಂದ ಎಂಬುದು. ಅದು ಬಾವಿ ತೋಡಿದರೆ ಸಿಗುವ ವಸ್ತುವಲ್ಲ, ತಯಾರಿಸಬೇಕು. ನೈಸರ್ಗಿಕ ಅನಿಲದಿಂದ ತಯಾರಿಸಿದರೆ ಒಂದು ಕಿಲೋ ಹೈಡ್ರೋಜನ್‌ಗೆ ಸುಮಾರು 10 ಕಿಲೋ ಇಂಗಾಲದ ಡೈಆಕ್ಸೈಡ್. ನೀರನ್ನು ವಿದ್ಯುತ್ತಿನಿಂದ ಒಡೆದು ತಯಾರಿಸಿದರೆ ಕಿಲೋಗೆ 55 ಯುನಿಟ್ ಬೇಕು. ಮಿರಾಯ್ 100 ಕಿಲೋಮೀಟರ್ ಓಡಲು 0.9 ಕಿಲೋ, ಅಂದರೆ 50 ಯುನಿಟ್. ಅಷ್ಟೇ ವಿದ್ಯುತ್ತಿನಲ್ಲಿ ಬ್ಯಾಟರಿ ಕಾರು 300 ಕಿಲೋಮೀಟರ್ ಹೋಗುತ್ತದೆ. ಇನ್ನು ನಮ್ಮ ಗ್ರಿಡ್ಡಿನ ಈಗಿನ ವಿದ್ಯುತ್ತಿನಿಂದಲೇ ಹೈಡ್ರೋಜನ್ ತಯಾರಿಸಿ ಕಾರು ಓಡಿಸಿದರೆ ಕಿಲೋಮೀಟರಿಗೆ 360 ಗ್ರಾಂ, ಪೆಟ್ರೋಲ್ ಕಾರಿನ ಹೆಚ್ಚುಕಡಿಮೆ ಇಮ್ಮಡಿ.

ಹಾಗೆಂದು ಹೈಡ್ರೋಜನ್ ಬೇಡವೆಂದಲ್ಲ. ಜನವರಿ 2023ರಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂ. ವೆಚ್ಚದ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ. 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ಹಲವರಿಗೆ ಗೊತ್ತಿರಲಿಕ್ಕಿಲ್ಲ, ನಮ್ಮ ಮಂಗಳೂರಿನಲ್ಲೇ ಹೈಡ್ರೋಜನ್ ತಯಾರಾಗುತ್ತಿದೆ: ಎಂಆರ್‌ಪಿಎಲ್‌ನಲ್ಲಿ ತೈಲ ಶುದ್ಧೀಕರಣಕ್ಕೆ, ಪಣಂಬೂರಿನ ಎಂಸಿಎಫ್‌ನಲ್ಲಿ ಯೂರಿಯಾಕ್ಕೆ ಬೇಕಾದ ಅಮೋನಿಯಾಕ್ಕೆ. ಅದು ಹಸಿರಿನದ್ದಲ್ಲ. 2021ರಲ್ಲಿ ಉದ್ಘಾಟನೆಯಾದ ಕೊಚ್ಚಿ-ಮಂಗಳೂರು ಕೊಳವೆಮಾರ್ಗದ ಅನಿಲವೂ ಈ ಕಾರ್ಖಾನೆಗಳಿಗೆ ಬರುತ್ತಿದೆ. ಹಸಿರು ಹೈಡ್ರೋಜನ್ ಬಂದ ದಿನ ಮೊದಲು ಸಲ್ಲಬೇಕಾದ್ದು ಇಂತಲ್ಲಿಗೆ. ಗೊಬ್ಬರಕ್ಕೆ ಬೇರೆ ದಾರಿಯಿಲ್ಲ, ಕಾರಿಗೆ ಬ್ಯಾಟರಿ ಇದೆ. ಹೈಡ್ರೋಜನ್ ಕಾರಿಗಾಗಿ ಕಾಯುತ್ತ ಕೂರುವುದರಲ್ಲಿ ಅರ್ಥವಿಲ್ಲ.

ಬ್ಯಾಟರಿಗೂ ಅದರದ್ದೇ ಪಾಪದ ಗಂಟಿದೆ. 2001ರಲ್ಲಿ ಬೆಂಗಳೂರಿನಿಂದ ಬಂದ ಪುಟ್ಟ ರೇವಾ ಕಾರಿನಲ್ಲಿ ಸೀಸದ ಬ್ಯಾಟರಿ ಇತ್ತು. ಆಮೇಲೆ ಬಂದ ಲಿಥಿಯಂ ಬ್ಯಾಟರಿಗಳಲ್ಲಿ ಹಲವಕ್ಕೆ ಕೋಬಾಲ್ಟ್ ಬೇಕು. ಜಗತ್ತಿನ ಕೋಬಾಲ್ಟ್‌ನಲ್ಲಿ ಸುಮಾರು ಶೇ. 70ರಷ್ಟು ಬರುವುದು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಿಂದ. ಅಲ್ಲಿನ ಕೈಗಣಿಗಳಲ್ಲಿ ಮಕ್ಕಳು ದುಡಿಯುವುದನ್ನು ಆಮ್ನೆಸ್ಟಿ ಸಂಸ್ಥೆ 2016ರಲ್ಲೇ ಬಯಲಿಗೆ ತಂದಿತ್ತು. 2023ರಲ್ಲಿ ಕಿನ್ಶಾಸಾಕ್ಕೆ ಹೋದ ಪೋಪ್ ಫ್ರಾನ್ಸಿಸರು ಆ ದೇಶದ ಖನಿಜ ದೋಚುವವರನ್ನು ಕಟುವಾಗಿಯೇ ಖಂಡಿಸಿದ್ದರು. ಸಮಾಧಾನದ ವಿಷಯವೆಂದರೆ ನಮ್ಮಲ್ಲಿ ಮಾರಾಟವಾಗುವ ಅನೇಕ ಕಾರುಗಳಲ್ಲಿ ಈಗ ಎಲ್‌ಎಫ್‌ಪಿ ಎಂಬ ಕಬ್ಬಿಣ-ಫಾಸ್ಫೇಟ್ ಬ್ಯಾಟರಿ ಇದೆ, ಅದಕ್ಕೆ ಕೋಬಾಲ್ಟ್ ಬೇಡ. ಕೊಳ್ಳುವಾಗ ಬಣ್ಣ, ಪರದೆಯ ಗಾತ್ರ ಕೇಳುವವರು ಇದನ್ನೂ ಒಂದು ಮಾತು ಕೇಳಬೇಕು. ಲಿಥಿಯಂ ಮಾತ್ರ ಬೇಕೇ ಬೇಕು. ಮಂಡ್ಯದ ಮರಳಗಾಲದಲ್ಲಿ 14,100 ಟನ್ ಸಿಕ್ಕಿತೆಂದು 2020ರಲ್ಲಿ ಪತ್ರಿಕೆಗಳು ಸಂಭ್ರಮಿಸಿದವು. ಮರುವರ್ಷ ಅದು 1,600 ಟನ್ನಿಗೆ ಇಳಿಯಿತು. ಹಳೆಯ ಬ್ಯಾಟರಿಯನ್ನು ತಯಾರಕರೇ ಹಿಂಪಡೆದು ಮರುಬಳಕೆಗೆ ಕೊಡಬೇಕೆಂಬ ನಿಯಮ 2022ರಲ್ಲಿ ಬಂದಿದೆ. ಗುಜರಿ ಅಂಗಡಿಗೆ ಹಾಕಬೇಡಿ.

ಕೊನೆಗೆ ಪಾಲನಾ ಮಂಡಳಿಗಳ ಪ್ರಶ್ನೆ. ವಾಹನ ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದನ್ನು ಮೊದಲು ಡೈರಿ ತೆಗೆದು ನೋಡಬೇಕು. ಎರಡು ಸಾವಿರಕ್ಕಿಂತ ಹೆಚ್ಚಾದರೆ ವಿದ್ಯುತ್ ವಾಹನವನ್ನು ಧೈರ್ಯವಾಗಿ ಕೊಳ್ಳಿ. ಅದು 400 ಎಂದಾದರೆ ಹೊಸ ಕಾರಿನಿಂದ ವರ್ಷಕ್ಕೆ ಉಳಿಯುವುದು ಕಾಲು ಟನ್ನೂ ಅಲ್ಲ, ಅದೂ ಬ್ಯಾಟರಿಯ ಸಾಲ ಲೆಕ್ಕಕ್ಕೆ ಹಿಡಿಯದೆ. ಆ ಕಾರಿನ ಅರ್ಧ ಬೆಲೆಗಿಂತ ಕಡಿಮೆ ಹಣದಲ್ಲಿ ಶಾಲೆಯ ಮಾಡಿಗೆ 10 ಕಿಲೋವಾಟಿನ ಸೌರ ಫಲಕ ಹಾಕಿಸಬಹುದು. ನಮ್ಮ ಮಳೆಗಾಲವನ್ನು ಕಳೆದೂ ವರ್ಷಕ್ಕೆ 13,000 ಯುನಿಟ್, ಅಂದರೆ 9 ಟನ್ ಇಂಗಾಲದ ಡೈಆಕ್ಸೈಡ್ ಉಳಿತಾಯ. ಶಾಲೆ ನಡೆಯುವುದೂ ಹಗಲಿನಲ್ಲೇ. ಹಳೆಯ ಕಾರನ್ನು ಸರ್ವಿಸ್ ಮಾಡಿಸಿ ಇನ್ನೂ ಕೆಲವು ವರ್ಷ ಓಡಿಸಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.