ವ್ಯಸನಮುಕ್ತಿಗೆ ಇನ್ನೊಂದು ಬಾಗಿಲು

ಪಾನನಿರೋಧವನ್ನು ಕುರಿತು ನಮ್ಮಲ್ಲಿ ನಡೆಯುವ ಚರ್ಚೆಯು ಅಂಗಡಿಗಳನ್ನು ಮುಚ್ಚಬೇಕೋ ಬೇಡವೋ, ಅಬಕಾರಿ ಉತ್ಪನ್ನವನ್ನು ಬಿಡಬೇಕೋ ಬಾರದೋ ಎಂಬಲ್ಲಿಯೇ ಬಹುಮಟ್ಟಿಗೆ ನಿಂತುಬಿಡುತ್ತದೆ. ಈಗಾಗಲೇ ವ್ಯಸನಕ್ಕೆ ಸಿಕ್ಕಿ, ಅದನ್ನು ಬಿಡಲು ಹಂಬಲಿಸುತ್ತಿರುವವನಿಗೆ ದಾರಿ ಯಾವುದೆಂಬ ಪ್ರಶ್ನೆಯು ಹಿಂದೆ ಬೀಳುತ್ತದೆ. ಕೇಂದ್ರ ಸರಕಾರವು 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನರು ಮದ್ಯ ಸೇವಿಸುವವರು, ಅವರಲ್ಲಿ 5.7 ಕೋಟಿ ಜನರಿಗೆ ನೆರವು ಬೇಕಾಗಿತ್ತು. ಮದ್ಯಕ್ಕೆ ದಾಸರಾದವರಲ್ಲಿಯಾದರೋ 38 ಮಂದಿಗೆ ಒಬ್ಬನಿಗೆ ಮಾತ್ರ ಏನಾದರೊಂದು ಚಿಕಿತ್ಸೆ ದೊರೆತಿತ್ತು. ರೋಗಿಗಳು ಇಷ್ಟೊಂದು ಮಂದಿ ಇರಲು ಚಿಕಿತ್ಸಾಲಯಕ್ಕೆ ಒಂದೇ ಬಾಗಿಲು ಸಾಲದೆಂಬುದು ನಮ್ಮ ವಾದ.

ಹೆಸರಾದ ಬಾಗಿಲೆಂದರೆ ಶ್ರದ್ಧೆಯ ಬಾಗಿಲು. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಹುಟ್ಟಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಸಂಘವು ವ್ಯಸನಿಗೆ ಹನ್ನೆರಡು ಮೆಟ್ಟಿಲುಗಳನ್ನು ಸೂಚಿಸುತ್ತದೆ. ಅವುಗಳಲ್ಲಿ ಆರು ಮೆಟ್ಟಿಲುಗಳು ದೇವರನ್ನು ಇಲ್ಲವೆ ತನಗಿಂತ ಮಿಗಿಲಾದ ಶಕ್ತಿಯನ್ನು ಕುರಿತವು. ನಮ್ಮ ನಾಡಿನಲ್ಲಿ ಧರ್ಮಸ್ಥಳದ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳೂ ಶ್ರದ್ಧೆಯ ಬಲವನ್ನು ನೆಚ್ಚಿದವು. ಇವುಗಳಿಂದ ಉಪಕಾರವಾಗಿದೆಯೆಂಬುದರಲ್ಲಿ ಸಂದೇಹವಿಲ್ಲ. 2020ರ ಕಾಕ್ರೇನ್ ಪರಾಮರ್ಶೆಯು ಸಹ, ಪೂರ್ಣವರ್ಜನೆಯ ವಿಷಯದಲ್ಲಿ ಹನ್ನೆರಡು ಮೆಟ್ಟಿಲುಗಳ ಮಾರ್ಗವು ಇತರ ಚಿಕಿತ್ಸೆಗಳಿಗೆ ಸಾಟಿ, ಕೆಲವೆಡೆ ಮೇಲು ಎಂದು ಕಂಡುಕೊಂಡಿತು. ಇದನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ.

ಆದರೆ ದೇವರಲ್ಲಿ ನಂಬಿಕೆಯಿಲ್ಲದವನು, ಅಥವಾ ನಂಬಿಕೆಯಿದ್ದೂ ಅದನ್ನು ಹತ್ತು ಜನರೆದುರು ತೋಡಿಕೊಳ್ಳಲೊಲ್ಲದವನು, ಅನ್ಯಧರ್ಮದ ಪ್ರಾರ್ಥನೆಯಲ್ಲಿ ಕುಳಿತು ಸಂಕೋಚಪಡುವವನು ಎಲ್ಲಿಗೆ ಹೋಗಬೇಕು? ಅಮೆರಿಕದಲ್ಲಿಯೇ ಈ ಪ್ರಶ್ನೆಯೆದ್ದು, 1985ರಲ್ಲಿ ಜೇಮ್ಸ್ ಕ್ರಿಸ್ಟೋಫರ್ ಎಂಬವರು ಧರ್ಮನಿರಪೇಕ್ಷ ಸಂಘವೊಂದನ್ನು ಆರಂಭಿಸಿದರು. 1994ರಲ್ಲಿ ‘ಸ್ಮಾರ್ಟ್ ರಿಕವರಿ’ ಎಂಬ ಸಂಸ್ಥೆಯು ರೂಪುಗೊಂಡಿತು. ಇದರ ಕ್ರಮವು ಸರಳವಾದುದು. ಕುಡಿತದ ಲಾಭನಷ್ಟಗಳನ್ನು ವ್ಯಸನಿಯೇ ಜಮಾಖರ್ಚಿನಂತೆ ಬರೆದು ನೋಡುತ್ತಾನೆ. ಯಾವ ಹೊತ್ತು, ಯಾವ ಸಹವಾಸ, ಯಾವ ದುಃಖ ತನ್ನನ್ನು ಅಂಗಡಿಗೆ ಎಳೆಯುತ್ತದೆಂದು ಗುರುತಿಸುತ್ತಾನೆ. ಚಪಲವು ಅಲೆಯಂತೆ ಏರಿ ಇಳಿಯತಕ್ಕದ್ದೆಂದು ತಿಳಿದು, ಇಳಿಯುವವರೆಗೆ ತಾಳುವ ಉಪಾಯಗಳನ್ನು ಕಲಿಯುತ್ತಾನೆ. ಸತ್ಸಹವಾಸದ ಬಲವು ಇಲ್ಲಿಯೂ ಉಂಟು. ಶ್ರದ್ಧೆಯ ಪರೀಕ್ಷೆ ಮಾತ್ರ ಇಲ್ಲ.

ಇದು ಪರದೇಶಕ್ಕೆ ಮಾತ್ರ ಒಗ್ಗುವ ಮಾರ್ಗವೆಂದು ತಳ್ಳಿಬಿಡುವಂತಿಲ್ಲ. ನೆರೆಯ ಗೋವೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದು 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದನ್ನು ನೋಡಿರಿ. ವೈದ್ಯರಲ್ಲದ, ಆದರೆ ತರಬೇತಿ ಹೊಂದಿದ ಸಾಮಾನ್ಯರೇ ಮಿತಿಮೀರಿ ಕುಡಿಯುತ್ತಿದ್ದ ಗಂಡಸರೊಡನೆ ನಾಲ್ಕು ಬಾರಿಗೆ ಮೀರದಂತೆ ಕುಳಿತು ಸಮಾಲೋಚನೆ ನಡೆಸಿದರು. ಮೂರು ತಿಂಗಳ ಬಳಿಕ ಇವರಲ್ಲಿ ನೂರಕ್ಕೆ 36 ಮಂದಿ ಅಪಾಯದ ಕುಡಿತದಿಂದ ಪಾರಾಗಿದ್ದರು. ವಾಡಿಕೆಯ ಆರೈಕೆ ಪಡೆದವರಲ್ಲಿ ಪಾರಾದವರು 26 ಮಂದಿ. ತೀವ್ರ ವ್ಯಸನಿಗಳಿಗಾದರೋ ಮಾತು ಮಾತ್ರವೇ ಸಾಲದು. ಅಂಥವರು ಥಟ್ಟನೆ ಕುಡಿತ ಬಿಟ್ಟರೆ ಸೆಳವು, ಸನ್ನಿಗಳುಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದಾದ್ದರಿಂದ ವೈದ್ಯರ ಮೇಲ್ವಿಚಾರಣೆಯು ಅವಶ್ಯ. ಚಪಲವನ್ನು ತಗ್ಗಿಸುವ ನಾಲ್ಟ್ರೆಕ್ಸೋನಿನಂಥ ಔಷಧಗಳೂ ಇವೆ.

ಇನ್ನು ಸರಕಾರದ ಕರ್ತವ್ಯ. ಹನ್ನೆರಡು ಮೆಟ್ಟಿಲುಗಳ ಸಭೆಗೆ ಹೋಗಲೊಲ್ಲದ ನಿರೀಶ್ವರವಾದಿ ಕೈದಿಯೊಬ್ಬನಿಗೆ ಕುಟುಂಬದವರ ಭೇಟಿಯ ಸೌಕರ್ಯವನ್ನು ತಡೆಯುವುದು ಸಂವಿಧಾನಕ್ಕೆ ವಿರುದ್ಧವೆಂದು ನ್ಯೂಯಾರ್ಕ್ ರಾಜ್ಯದ ಅತ್ಯುಚ್ಚ ನ್ಯಾಯಾಲಯವು 1996ರಲ್ಲಿ ತೀರ್ಪಿತ್ತಿತು. ನಮ್ಮ 2017ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯವ್ಯಸನದ ಬಾಧೆಗಳನ್ನು ತನ್ನ ವ್ಯಾಪ್ತಿಗೆ ತಂದುಕೊಂಡು, ಧರ್ಮಭೇದವಿಲ್ಲದೆ ಚಿಕಿತ್ಸೆ ಪಡೆಯುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಹಕ್ಕು ಕಾಗದದಲ್ಲಿದ್ದು, ಹಳ್ಳಿಯವನಿಗೆ ಹತ್ತಿರದಲ್ಲಿ ಎಡೆ ಇಲ್ಲದಿದ್ದರೆ ಫಲವೇನು?

ಮದ್ಯದಿಂದ ಬೊಕ್ಕಸ ತುಂಬಿಸಿಕೊಳ್ಳುವ ಸರಕಾರವು ಮದ್ಯದಿಂದ ಕೆಟ್ಟವನನ್ನು ಧರ್ಮಸಂಸ್ಥೆಗಳ ದಯೆಗಷ್ಟೇ ಬಿಟ್ಟು ಕೈತೊಳೆದುಕೊಳ್ಳಲಾಗದು. ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ತರಬೇತಿ ಹೊಂದಿದ ಸಮಾಲೋಚಕನಿರಲಿ. ವಾರಕ್ಕೊಮ್ಮೆ ಕನ್ನಡದಲ್ಲಿ ನಡೆಯುವ, ಜಾತಿಮತಗಳ ಗೊಡವೆಯಿಲ್ಲದ ಸಭೆಯಿರಲಿ. ಇಂಥವರನ್ನು ತಯಾರಿಸುವ ಹೊಣೆಯನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ಒಪ್ಪಿಸಲಿ. ಭಕ್ತನು ದೇಗುಲದ ದಾರಿಯಿಂದಲೇ ಮನೆಗೆ ಮರಳಲಿ, ಬೇಡವೆನ್ನುವವರಾರು? ಆ ದಾರಿಯಲ್ಲಿ ನಡೆಯಲಾರದವನ ಮಡದಿ ಮಕ್ಕಳೂ ಅವನು ಎಚ್ಚರದಿಂದ ಮನೆಗೆ ಮರಳುವುದನ್ನೇ ಕಾಯುತ್ತಿದ್ದಾರೆಂಬುದನ್ನು ಸರಕಾರದವರು ಮರೆಯದಿರಲಿ.