ಯಾತ್ರೆಗೆ ಮುನ್ನ ಕೇಳಬೇಕಾದ ಮಾತು

ಶಿವರಾತ್ರಿ ಸಮೀಪಿಸಿತೆಂದರೆ ಕೊಡಿಗೇನಹಳ್ಳಿಯ ಸುತ್ತಲಿನ ಮನೆಗಳಲ್ಲಿ ಸಿದ್ಧಗಂಗೆಯ ಜಾತ್ರೆಗೆ ಹೊರಡುವ ಮಾತು ಮೊದಲಾಗುತ್ತದೆ. ಮನೆಯಲ್ಲಿ ಕಾಲು ಸ್ವಾಧೀನವಿಲ್ಲದ ಅಜ್ಜಿಯಿದ್ದರೆ, "ನಿನಗೇಕವ್ವ ಶ್ರಮ? ಪ್ರಸಾದ ತಂದುಕೊಡುತ್ತೇವೆ" ಎಂಬಲ್ಲಿಗೆ ಆಕೆಯ ಯಾತ್ರೆ ಮುಗಿಯುತ್ತದೆ. ಕರುಣೆಯಿಂದ ಆಡಿದ ಮಾತೇ ಸರಿ. ಆದರೆ ನಿರ್ಧರಿಸಬೇಕಾದವರು ಯಾರು, ಬಂಧುಗಳೇ? ದಾರಿಯ ವಿವರ ಮೊದಲೇ ತಿಳಿದಿದ್ದರೆ ಅಜ್ಜಿಯೇ ನಿರ್ಧರಿಸುವಳು.

ಸಿದ್ಧಗಂಗೆಯನ್ನೇ ನೋಡಿ. ಬೆಟ್ಟದ ಮೇಲಿನ ಸಿದ್ಧಲಿಂಗೇಶ್ವರನ ಗುಡಿಗೆ ಮೆಟ್ಟಿಲೇರಬೇಕು, ನಿಜ. ಆದರೆ 2019ರ ಜನವರಿ 21ರಂದು ಲಿಂಗೈಕ್ಯರಾದ ಡಾ. ಶಿವಕುಮಾರ ಮಹಾಸ್ವಾಮಿಗಳವರ ಗದ್ದುಗೆಯಿರುವುದು ಕೆಳಗಿನ ಮಠದ ಆವರಣದಲ್ಲಿ. ಬೆಟ್ಟವೇರಲಾರದವರಿಗೆ ಜಾತ್ರೆಯೇ ಇಲ್ಲವೆಂದು ಭಾವಿಸಬೇಕಾಗಿಲ್ಲ. ಶ್ರವಣಬೆಳಗೊಳದಲ್ಲಿ ನಡೆಯಲಾರದವರನ್ನು ಡೋಲಿಯಲ್ಲಿ ಹೊತ್ತೊಯ್ಯುವ ಪದ್ಧತಿಯೇ ಇದೆ.

ಇನ್ನು ಪ್ರಯಾಣ. ವಿಕಲಚೇತನರಿಗೆ ಕೆ.ಎಸ್‌.ಆರ್‌.ಟಿ.ಸಿ.ಯ ವಾರ್ಷಿಕ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿ.ಮೀ.ವರೆಗೆ ಸಲ್ಲುತ್ತದೆ, ತುಮಕೂರು ಅದರೊಳಗೇ ಬರುತ್ತದೆ. ಮಹಿಳೆಯರಿಗೆ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯುಂಟು. ಟಿಕೆಟ್ಟಿನ ಹಣ ಉಳಿದರೂ ಬಸ್ಸಿನ ಮೆಟ್ಟಿಲೇನೂ ತಗ್ಗುವುದಿಲ್ಲವಾದ್ದರಿಂದ ಹತ್ತಿಸಲು ಇಬ್ಬರು ಜೊತೆಗಿರಲಿ. ದೂರದ ಯಾತ್ರೆಗೆ ಹಿಂದೂಪುರದಲ್ಲೋ ಗೌರಿಬಿದನೂರಿನಲ್ಲೋ ರೈಲು ಹತ್ತುವವರು ಗಮನಿಸಬೇಕಾದದ್ದು: ಒಬ್ಬರೇ ಪ್ರಯಾಣಿಸಲಾಗದ ಅಂಗವಿಕಲರಿಗೂ ಪೂರ್ಣ ಅಂಧರಿಗೂ ಸ್ಲೀಪರ್ ದರ್ಜೆಯಲ್ಲಿ ಶೇಕಡಾ 75ರಷ್ಟು ರಿಯಾಯಿತಿಯಿದೆ, ಜೊತೆಗೆ ಬರುವ ಒಬ್ಬರಿಗೂ ಅಷ್ಟೇ. ಇದಕ್ಕೆ ರಿಯಾಯಿತಿ ಪ್ರಮಾಣಪತ್ರ ಬೇಕು. ಯಾವ ಪ್ಲಾಟ್‌ಫಾರಂ, ಮೇಲ್ಸೇತುವೆ ದಾಟಬೇಕೇ ಎಂಬುದನ್ನು ಹಿಂದಿನ ದಿನವೇ ವಿಚಾರಿಸಿರಿ.

ತಲುಪುವ ಸ್ಥಳದವರಿಗೆ ಕರೆಮಾಡಿದಾಗ "ಅನುಕೂಲವಿದೆಯೇ?" ಎಂದು ಕೇಳಬೇಡಿ, "ಇದೆ, ಬನ್ನಿ" ಎಂಬ ಉತ್ತರವೇ ಬರುತ್ತದೆ. ಮೆಟ್ಟಿಲೆಷ್ಟು, ಕೈಹಿಡಿ ಕಂಬಿಯಿದೆಯೇ, ಶೌಚಾಲಯದ ಬಾಗಿಲು ಮೂರಡಿ ಅಗಲವಿದೆಯೇ, ದಾಸೋಹದಲ್ಲಿ ನೆಲದ ಮೇಲೆ ಕೂರಲಾಗದವರಿಗೆ ಮೇಜುಂಟೇ ಎಂದು ಬಿಡಿಬಿಡಿಯಾಗಿ ಕೇಳಿರಿ.

ಮಠ, ಗುಡಿ, ಸಮುದಾಯ ಭವನಗಳ ಆಡಳಿತ ನಡೆಸುವ ಹಿರಿಯರಲ್ಲಿಯೂ ಒಂದು ವಿನಂತಿ. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಕಾಯ್ದೆಯು ಸಾರ್ವಜನಿಕ ಕಟ್ಟಡವೆಂದು ಹೇಳುವಾಗ ಧಾರ್ಮಿಕ ಕಟ್ಟಡಗಳನ್ನೂ ಸೇರಿಸಿಕೊಂಡಿದೆ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಇಳಿಜಾರು ಬೇಕು. ಅದಕ್ಕಿಂತ ಕಡಿದಾಗಿ ಸಿಮೆಂಟು ಬಳಿದರೆ ಗಾಲಿಕುರ್ಚಿ ಹಿಂದಕ್ಕೆ ಜಾರುತ್ತದೆ. ಜಾತ್ರೆಯ ಆಹ್ವಾನಪತ್ರಿಕೆಯಲ್ಲಿ ಮೆಟ್ಟಿಲುಗಳ ಸಂಖ್ಯೆಗೂ ವಾಹನ ಎಲ್ಲಿಯವರೆಗೆ ಬರುವುದೆಂಬುದಕ್ಕೂ ಒಂದೆರಡು ಸಾಲು ಮೀಸಲಿಡಿರಿ. ಪಾದರಕ್ಷೆಯೊಡನೆ ಗಾಲಿಕುರ್ಚಿಯನ್ನೂ ಹೊರಗೇ ಬಿಡಿಸುವುದು ಬೇಡ; ಬಾಗಿಲಲ್ಲಿ ಒಂದು ತಂಬಿಗೆ ನೀರೂ ಒಂದು ಬಟ್ಟೆಯೂ ಇದ್ದರೆ ಚಕ್ರ ತೊಳೆದು ಒಳಗೆ ಬರಬಹುದು.