ಜೇಡಿಮಣ್ಣಿನ ಮೇಲೆ ಪ್ಲಾಸ್ಟಿಕ್ ಹುಲ್ಲು: ಯಾರಿಗೆ ಬೇಕು ಈ ಹಸಿರು?

ಮಲೆನಾಡಿನ ಅಂಗಳಗಳಿಗೆ ಹೊಸದೊಂದು ಹಸಿರು ಬಂದಿದೆ. ಅದಕ್ಕೆ ಬೇರಿಲ್ಲ, ಬೀಜವಿಲ್ಲ, ಮಣ್ಣಿನ ಹಂಗಿಲ್ಲ. ಪಾಲಿಎಥಿಲೀನ್ ಎಳೆಗಳನ್ನು ಹೆಣೆದು, ಬೆನ್ನಿಗೆ ಅಂಟು ಬಳಿದು, ಸುರುಳಿ ಸುತ್ತಿ ಮಾರುವ ಕೃತಕ ಹುಲ್ಲುಹಾಸು ಹೋಂಸ್ಟೇ ಮತ್ತು ರೆಸಾರ್ಟುಗಳನ್ನು ದಾಟಿ ಈಗ ತೋಟದ ಮನೆಗಳ ಬಾಗಿಲಿಗೂ ಬರುತ್ತಿದೆ. ನೀರು ನಿಲ್ಲುವ, ಹುಲ್ಲು ಏಳದ ಜೇಡಿಮಣ್ಣಿನ ಅಂಗಳಕ್ಕೆ ಇದೇ ಶಾಶ್ವತ ಪರಿಹಾರವೆಂಬುದು ಮಾರಾಟಗಾರರ ವಾದ. ಮಣ್ಣುವಿಜ್ಞಾನದ ನೆಲೆಯಲ್ಲಿ ಪರಿಶೀಲಿಸಿದರೆ ಈ ವಾದ ಒಂದು ಮಳೆಗಾಲವನ್ನೂ ತಾಳುವುದಿಲ್ಲ.

ಅಂಗಳದ ಕೆಸರು ಸಣ್ಣ ತೊಂದರೆಯಲ್ಲ. ಪಾಚಿ ಕಟ್ಟಿದ ನೆಲದಲ್ಲಿ ಹಿರಿಯರು ಜಾರಿ ಬೀಳುತ್ತಾರೆ; ಅತಿಥಿಗಳ ಕಾಲಿನ ಕೆಸರು ಜಗಲಿಯವರೆಗೆ ಬರುತ್ತದೆ. ಪರಿಹಾರ ಹುಡುಕುವವರನ್ನು ದೂಷಿಸುವುದು ಈ ಲೇಖನದ ಉದ್ದೇಶವಲ್ಲ. ಪರಿಹಾರದ ಹೆಸರಿನಲ್ಲಿ ಅವರಿಗೆ ಏನನ್ನು ಮಾರಲಾಗುತ್ತಿದೆ ಎಂಬುದೇ ಇಲ್ಲಿನ ಪ್ರಶ್ನೆ.

ದೋಷ ಮಣ್ಣಿನದಲ್ಲ

ನಮ್ಮ ಜೇಡಿ ಬಯಲುಸೀಮೆಯ ಎರೆಮಣ್ಣಿನಂತೆ ನೀರು ಕುಡಿದು ವಿಪರೀತ ಉಬ್ಬುವ ಜಾತಿಯದಲ್ಲ. ಇಲ್ಲಿ ಕೆಯೋಲಿನೈಟ್ ಖನಿಜವೇ ಪ್ರಧಾನ. ದರಕು, ಬೇರು, ಎರೆಹುಳುಗಳ ಒಡನಾಟವಿರುವವರೆಗೆ ಈ ಮಣ್ಣು ರಂಧ್ರಮಯವಾಗಿದ್ದು, ಸಾಕಷ್ಟು ಮಳೆಯನ್ನು ಒಳಗೆಳೆದುಕೊಳ್ಳುತ್ತದೆ. ಜೆಸಿಬಿ ಬಂದು ಗುಡ್ಡದ ಅಂಚು ಕಡಿದು, ಮೇಲ್ಮಣ್ಣನ್ನು ಕೆಳಗೆ ತಳ್ಳಿ, ಅಡಿಯ ಬೆತ್ತಲೆ ಜೇಡಿಯ ಮೇಲೆ ಹತ್ತಾರು ಬಾರಿ ಓಡಾಡಿದಾಗ ಆ ರಂಧ್ರಗಳು ಮುಚ್ಚಿಹೋಗುತ್ತವೆ. ನಾವು 'ಕೆಟ್ಟ ಮಣ್ಣು' ಎನ್ನುವುದು ಬಹಳ ಕಡೆ ನಮ್ಮದೇ ಸೃಷ್ಟಿ.

ಲೆಕ್ಕ ನೋಡಿ. ಜೇಡಿಮಣ್ಣು ಗಂಟೆಗೆ 1ರಿಂದ 5 ಮಿ.ಮೀ.ನಷ್ಟು ನೀರನ್ನು ಇಂಗಿಸಬಲ್ಲದು. ಅದುಮಿದ ಜೇಡಿಯಲ್ಲಿ ಅದೂ ಕಡಿಮೆ. 1000 ಚದರ ಅಡಿಯ ಅಂಗಳವೆಂದರೆ ಸುಮಾರು 93 ಚದರ ಮೀಟರ್. ಒಂದು ಗಂಟೆಯಲ್ಲಿ 40 ಮಿ.ಮೀ. ಮಳೆ ಸುರಿದರೆ ಅಲ್ಲಿ ಬೀಳುವ ನೀರು ಸುಮಾರು 3,700 ಲೀಟರ್. ಮಣ್ಣು ಕುಡಿಯುವುದು ಹೆಚ್ಚೆಂದರೆ 465 ಲೀಟರ್. ಉಳಿದ ಮೂರು ಸಾವಿರಕ್ಕೂ ಮಿಕ್ಕಿದ ಲೀಟರ್ ನೀರು ಎಲ್ಲಿಗೆ ಹೋಗಬೇಕು?

ಹಾಸಿನ ಬೆನ್ನಿನಲ್ಲಿ ತೂತುಗಳಿವೆ, ನೀರು ಕ್ಷಣದಲ್ಲಿ ಇಳಿದುಹೋಗುತ್ತದೆ ಎಂದು ಮಾರಾಟಗಾರರು ಹೇಳುತ್ತಾರೆ. ಹಾಸಿನಿಂದ ನೀರು ಇಳಿಯುವುದು ನಿಜ. ಆದರೆ ಅದು ಇಳಿದು ಸೇರುವುದು ಕೆಳಗಿನ ಜಲ್ಲಿಯ ಪದರಕ್ಕೆ. ನಾಲ್ಕು ಇಂಚು ಜಲ್ಲಿಯಲ್ಲಿ ಶೇ. 40ರಷ್ಟು ಖಾಲಿ ಜಾಗವಿದೆಯೆಂದು ಧಾರಾಳವಾಗಿ ಎಣಿಸಿದರೂ ಅದು ಹಿಡಿಯುವುದು 40 ಮಿ.ಮೀ. ಮಳೆಯನ್ನು ಮಾತ್ರ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7000 ಮಿ.ಮೀ. ಮೀರುವ ಈ ಸೀಮೆಯಲ್ಲಿ ಆ ಪದರ ಆಷಾಢದ ಒಂದೇ ಹೊಡೆತಕ್ಕೆ ತುಂಬುತ್ತದೆ. ಆಮೇಲೆ ಅದು ಜೇಡಿ ತಳದ ಮುಚ್ಚಿದ ತೊಟ್ಟಿ. ಹಾಸು ತೇಲುತ್ತದೆ, ಜಲ್ಲಿ ಕೆಸರಿನಲ್ಲಿ ಹೂಳುತ್ತದೆ, ಕೊಳೆತ ವಾಸನೆ ಏಳುತ್ತದೆ.

ಇದನ್ನು ತಪ್ಪಿಸಲು ಇಳಿಜಾರು ಕೊಟ್ಟು, ಬಸಿಗಾಲುವೆ ತೋಡಿ, ನೀರನ್ನು ಹೊರಗೆ ಒಯ್ಯಬೇಕೆಂದು ಬಲ್ಲ ಗುತ್ತಿಗೆದಾರರೇ ಹೇಳುತ್ತಾರೆ. ಹಾಗಾದರೆ ನೀರಿನ ಸಮಸ್ಯೆಯನ್ನು ಪರಿಹರಿಸಿದ್ದು ಬಸಿಗಾಲುವೆಯೇ ಹೊರತು ಪ್ಲಾಸ್ಟಿಕ್ ಅಲ್ಲ. ಬಸಿಗಾಲುವೆ ಇದ್ದ ಅಂಗಳದಲ್ಲಿ ಬಿಸಿಲು ಬಿದ್ದರೆ ಗರಿಕೆ ತಾನೇ ಹಬ್ಬುತ್ತದೆ. ಅದಿಲ್ಲದ ಅಂಗಳದಲ್ಲಿ ಹಾಸು ಉಳಿಯುವುದಿಲ್ಲ. ಎರಡೂ ಸಂದರ್ಭದಲ್ಲಿ ಹಾಸಿನ ಅಗತ್ಯವೇ ಕಾಣದು.

ಮುಚ್ಚಿಟ್ಟ ಅಪಾಯ

ಇಳಿಜಾರಿನ ಮನೆಗಳಲ್ಲಿ ವಿಷಯ ಇನ್ನೂ ಗಂಭೀರ. ಅಲ್ಲಿ ಅಂಗಳದ ಹೊರ ಅರ್ಧ ಸಾಮಾನ್ಯವಾಗಿ ಕಡಿದು ತುಂಬಿದ ಸಡಿಲ ಮಣ್ಣು. ಜಲ್ಲಿಯಲ್ಲಿ ನಿಂತ ನೀರು ಮೆಲ್ಲಗೆ ಆ ತುಂಬುಮಣ್ಣಿಗೆ ಜಿನುಗಿ ಅದರ ಭಾರವನ್ನು ಹೆಚ್ಚಿಸುತ್ತದೆ, ಬಿಗಿಯನ್ನು ಸಡಿಲಿಸುತ್ತದೆ. ಧರೆ ಕುಸಿಯುವ ಮುನ್ನ ನೆಲ ಬಿರುಕು ಬಿಡುತ್ತದೆ, ತಗ್ಗುತ್ತದೆ, ಹೊಸ ಒರತೆ ಕಾಣಿಸುತ್ತದೆ. ಬರಿನೆಲದಲ್ಲಿ ಇವು ಮನೆಯವರ ಕಣ್ಣಿಗೆ ಬೀಳುತ್ತವೆ. ಹಸಿರು ಹಾಸಿನ ಕೆಳಗೆ ಬೀಳುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ಕಂಡವರಿಗೆ ಈ ಸೂಚನೆಗಳ ಬೆಲೆ ಏನೆಂದು ವಿವರಿಸಬೇಕಿಲ್ಲ.

ಈ ಹಾಸಿನ ಆಯುಷ್ಯ 8ರಿಂದ 15 ವರ್ಷ. ಅಷ್ಟೂ ಕಾಲ ಬಿಸಿಲಿಗೆ ಎಳೆಗಳು ಪುಡಿಯಾಗಿ, ಮಳೆಯೊಡನೆ ತೋಟದ ಕಾಲುವೆ ಸೇರಿ, ಹಳ್ಳಗಳ ಮೂಲಕ ತುಂಗೆಗೋ ಶರಾವತಿಗೋ ಇಳಿಯುತ್ತವೆ. ಕ್ರೀಡಾಂಗಣಗಳ ಕೃತಕ ಹಾಸಿಗೆ ತುಂಬುವ ಪ್ಲಾಸ್ಟಿಕ್, ರಬ್ಬರ್ ಹರಳುಗಳ ಮಾರಾಟವನ್ನು ಎಂಟು ವರ್ಷಗಳ ಕಾಲಾವಕಾಶವಿತ್ತು ನಿಷೇಧಿಸಲು ಐರೋಪ್ಯ ಒಕ್ಕೂಟ 2023ರಲ್ಲೇ ತೀರ್ಮಾನಿಸಿತು. ಬೇಸಿಗೆಯ ಬಿರುಬಿಸಿಲಿನಲ್ಲಿ ಕೃತಕ ಹಾಸಿನ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟುವುದು ಅಳತೆಗೆ ಸಿಕ್ಕ ಸಂಗತಿ. ಅದರ ಅಡಿಯ ಮಣ್ಣಿಗೆ ದರಕಿಲ್ಲ, ಎರೆಹುಳುವಿಗೆ ಆಹಾರವಿಲ್ಲ. ಹಾಸು ಕಿತ್ತ ದಿನ ಮಣ್ಣು ಮೊದಲಿಗಿಂತ ಗಟ್ಟಿಯಾಗಿರುತ್ತದೆ.

ಮಾಡಬೇಕಾದುದೇನು?

ನೂರು ಅಡಿಗೆ ಒಂದರಿಂದ ಎರಡು ಅಡಿ ಇಳಿಜಾರು ಕೊಡಿ. ಅದು ಮನೆಯಿಂದ ಹೊರಮುಖವಾಗಿರಲಿ. ಗುಡ್ಡದ ಕಡೆಯಿಂದ ಬರುವ ನೀರನ್ನು ಅಂಗಳ ತಲಪುವ ಮೊದಲೇ ಕಾಲುವೆಗೆ ತಿರುಗಿಸಿ, ತುಂಬುಮಣ್ಣಿನ ಮೇಲೆ ಬೀಳದಂತೆ ಗಟ್ಟಿ ನೆಲದವರೆಗೆ ಒಯ್ಯಿರಿ. ಓಡಾಟದ ದಾರಿಗೆ ಚಪ್ಪಡಿ ಅಥವಾ ಜಂಬಿಟ್ಟಿಗೆ ಹಾಸಿ. ಉಳಿದೆಡೆ ಬೇಸಿಗೆಯಲ್ಲಿ ಮಣ್ಣನ್ನು ಅರ್ಧ ಅಡಿ ಸಡಿಲಿಸಿ, ಕೊಟ್ಟಿಗೆ ಗೊಬ್ಬರ ಬೆರೆಸಿ, ಮೊದಲ ಮಳೆಗೆ ಗರಿಕೆ ನೆಡಿ. ಅಂಚಿಗೆ ಲಾವಂಚ ಹಾಕಿ. ಮಣ್ಣು ಒದ್ದೆಯಿದ್ದಾಗ ವಾಹನ ನಿಲ್ಲಿಸಬೇಡಿ. ಮಳೆಗಾಲದಲ್ಲಿ ಅಂಗಳಕ್ಕೆ ಅಡಿಕೆ ಸೋಗೆ ಹೊದೆಸುತ್ತಿದ್ದ ಹಿರಿಯರ ಪದ್ಧತಿ ಮಳೆಹನಿಯ ಹೊಡೆತದಿಂದ ಮಣ್ಣನ್ನು ಕಾಯುವ ಉಪಾಯವಾಗಿತ್ತು. ಕೊಳೆತ ಮೇಲೆ ಅದೇ ಗೊಬ್ಬರ.

ಗ್ರಾಮ ಪಂಚಾಯತಿಗಳಿಗೂ ಒಂದು ಮಾತು. ಕಸ ವಿಲೇವಾರಿಗೆ ಪರದಾಡುವ ನೀವು, ಹೋಂಸ್ಟೇಗಳಿಗೆ ಒಪ್ಪಿಗೆ ನೀಡುವಾಗ ಅಂಗಳದ ನೀರು ಎಲ್ಲಿಗೆ ಹರಿಯುತ್ತದೆ, ಹಾಸಿದ ಪ್ಲಾಸ್ಟಿಕ್ಕನ್ನು ಕೊನೆಗೆ ಯಾರು ಒಯ್ಯುತ್ತಾರೆ ಎಂಬ ಎರಡು ಪ್ರಶ್ನೆಗಳನ್ನಾದರೂ ಕೇಳಿ. ಲಿಖಿತ ಉತ್ತರ ಸಿಗುವವರೆಗೆ ಒಪ್ಪಿಗೆ ಕೊಡಬೇಡಿ.